ತುವಾಲು ಯಾಕೆ ಇನ್ನೂ ಫಿಫಾ ಹೊರಗಿದೆ? ಒಂದು ಪ್ರಕರಣ ಅಧ್ಯಯನ

2011ರಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಮೂರು ತಿಂಗಳ ಒಳಗೆ ಎರಡು ಫುಟ್‌ಬಾಲ್ ಪಂದ್ಯ ನಡೆದವು. ಮೊದಲನೆಯದು ನ್ಯೂ ಕ್ಯಾಲಿಡೋನಿಯಾದಲ್ಲಿ ನಡೆದ ಪೆಸಿಫಿಕ್ ಗೇಮ್ಸ್‌ನಲ್ಲಿ. ಅಲ್ಲಿ ತುವಾಲು ಅನ್ನುವ ಪುಟ್ಟ ದ್ವೀಪದೇಶದ ತಂಡ ಅಮೆರಿಕನ್ ಸಮೋವಾವನ್ನು 4–0ರಿಂದ ಸೋಲಿಸಿತು. ಎರಡನೆಯದು ನವೆಂಬರಿನಲ್ಲಿ, ಸಮೋವಾದ ಆಪಿಯಾದಲ್ಲಿ, 2014ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ. ಅಲ್ಲಿ ಅದೇ ಅಮೆರಿಕನ್ ಸಮೋವಾ ಟೊಂಗಾವನ್ನು 2–1ರಿಂದ ಸೋಲಿಸಿತು. 2001ರಲ್ಲಿ ಆಸ್ಟ್ರೇಲಿಯಾ ಎದುರು 31–0ರಿಂದ ಸೋತಿದ್ದ ತಂಡ ಅದು. ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆಯಾದ ಫಿಫಾದ ಲೆಕ್ಕಕ್ಕೆ ಬರುವ ಪಂದ್ಯದಲ್ಲಿ ಅದಕ್ಕೆ ಸಿಕ್ಕ ಮೊದಲ ಗೆಲುವು ಇದು. ಹಾಗಾಗಿ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು, ಆ ತಂಡದ ಕಥೆ ಸಿನಿಮಾನೂ ಆಯಿತು. ಖುಷಿಪಡುವ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಂಡವನ್ನು ಆಗಷ್ಟೇ ನಾಲ್ಕು ಗೋಲಿನಿಂದ ಸೋಲಿಸಿದ್ದ ತುವಾಲು ಆಪಿಯಾದಲ್ಲಿ ಇರಲೇ ಇಲ್ಲ. ಸೋತು ಹೊರಗೆ ಬಿದ್ದದ್ದಲ್ಲ, ಆಡುವ ಹಕ್ಕೇ ಅದಕ್ಕಿರಲಿಲ್ಲ.

ಕಾರಣ ಇಷ್ಟೇ, ತುವಾಲು ಫಿಫಾ ಸದಸ್ಯ ಅಲ್ಲ. ಫಿಫಾದಲ್ಲಿ 211 ಸದಸ್ಯ ಸಂಸ್ಥೆಗಳಿವೆ, ಅದರಲ್ಲಿ ಅಮೆರಿಕಕ್ಕೆ ಸೇರಿದ ಅಮೆರಿಕನ್ ಸಮೋವಾ ಇದೆ, ಕುಕ್ ಐಲೆಂಡ್ಸ್ ಇದೆ, ಸುಮಾರು ಐದು ಸಾವಿರ ಜನರಿರುವ ಕೆರಿಬಿಯನ್ನಿನ ಮಾಂಟ್ಸೆರಾಟ್ ಕೂಡ ಇದೆ. ಸ್ವತಂತ್ರ ದೇಶವಾಗಿ, ವಿಶ್ವಸಂಸ್ಥೆಯಲ್ಲಿ ಕುರ್ಚಿ ಇಟ್ಟುಕೊಂಡಿರುವ ತುವಾಲು ಇಲ್ಲ. ಹೀಗೆ ಯಾಕಾಯಿತು, ಗಂಟು ಎಲ್ಲಿ ಬಿದ್ದಿದೆ, ಬಿಚ್ಚೋಕೆ ದಾರಿ ಇದೆಯಾ ಅನ್ನುವುದನ್ನು ಇಲ್ಲಿ ನೋಡೋಣ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತುವಾಲು ಹೊರಗಿರುವುದಕ್ಕೆ ಆಟ ಕಾರಣ ಅಲ್ಲ. ಜಾಗ ಮತ್ತು ದುಡ್ಡು ಕಾರಣ. ಇವೆರಡೂ ಸದಸ್ಯತ್ವ ಸಿಕ್ಕ ಮೇಲೆ ಮಾತ್ರ ಸರಿಹೋಗುವ ವಿಷಯಗಳು.

ಒಂದೇ ಮೈದಾನ

ತುವಾಲು ಅಂದರೆ ಆಸ್ಟ್ರೇಲಿಯಾ ಮತ್ತು ಹವಾಯಿ ನಡುವೆ ಸಾಲಾಗಿ ಬಿದ್ದಿರುವ ಒಂಬತ್ತು ಸಣ್ಣ ದ್ವೀಪಗಳು. ಎಲ್ಲ ಕೂಡಿಸಿದರೆ ನೆಲ 26 ಚದರ ಕಿಲೋಮೀಟರ್, ಜನ ಸುಮಾರು 11,000. ಅಂದರೆ ನಮ್ಮ ಕಡೆಯ ಒಂದೆರಡು ಗ್ರಾಮ ಪಂಚಾಯಿತಿಯಷ್ಟು. ಬ್ರಿಟಿಷರ ಕಾಲದಲ್ಲಿ ಇದಕ್ಕೆ ಎಲಿಸ್ ಐಲೆಂಡ್ಸ್ ಅಂತ ಹೆಸರಿತ್ತು, ಈಗಿನ ಕಿರಿಬಾಸ್ ಜೊತೆ ಒಂದೇ ಆಡಳಿತದಲ್ಲಿತ್ತು. 1978ರ ಅಕ್ಟೋಬರಿನಲ್ಲಿ ಸ್ವಾತಂತ್ರ್ಯ ಬಂತು. 2000ದಲ್ಲಿ ವಿಶ್ವಸಂಸ್ಥೆ ಸೇರಿತು. ಅರ್ಧಕ್ಕಿಂತ ಜಾಸ್ತಿ ಜನ ರಾಜಧಾನಿ ಫುನಾಫುಟಿಯಲ್ಲೇ ಇದ್ದಾರೆ.

ಫುನಾಫುಟಿಯ ಮುಖ್ಯ ದ್ವೀಪ ಉದ್ದಕ್ಕೆ, ತೆಳ್ಳಗೆ ಇದೆ. ಒಂದು ಕಡೆ ತೆರೆದ ಸಮುದ್ರ, ಇನ್ನೊಂದು ಕಡೆ ಲಗೂನ್, ಅಂದರೆ ಹವಳದ ದ್ವೀಪಗಳು ಸುತ್ತುವರಿದ ಕಡಲನೀರು. ಕೆಲವು ಕಡೆ ಈ ನೀರಿನಿಂದ ಆ ನೀರಿಗೆ ನಡೆದುಹೋಗೋಕೆ ಒಂದು ನಿಮಿಷವೂ ಬೇಡ. ಎಲ್ಲಿ ಅಗಲ ಜಾಸ್ತಿ ಇದೆಯೋ ಅಲ್ಲಿ ಮಧ್ಯದಲ್ಲಿ ವಿಮಾನದ ರನ್‌ವೇ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಲ್ಲಿ, ಅಮೆರಿಕದ ಸೈನ್ಯ ಮಾಡಿದ್ದು. ಫಿಜಿಯ ಸುವಾದಿಂದ ವಾರದಲ್ಲಿ ಕೆಲವು ದಿನ ಮಾತ್ರ ವಿಮಾನ ಬರುತ್ತದೆ. ಬಾಕಿ ಹೊತ್ತು ರನ್‌ವೇ ಊರಿನದು. ಬಿಸಿಲು ಇಳಿಯುತ್ತಿದ್ದಂತೆ ಹುಡುಗರು ಡಾಂಬರಿನ ಮೇಲೆ ಗುಂಪು ಮಾಡಿಕೊಂಡು ಫುಟ್‌ಬಾಲ್ ಆಡುತ್ತಾರೆ, ಪಕ್ಕದಲ್ಲಿ ವಾಲಿಬಾಲ್ ನಡೆಯುತ್ತಿರುತ್ತದೆ, ಮನೆಮಂದಿ ಗಾಳಿಗೆ ಬಂದು ಕೂತಿರುತ್ತಾರೆ, ಬೈಕುಗಳು ಓಡಾಡುತ್ತಿರುತ್ತವೆ. ವಿಮಾನ ಬರುವ ದಿನ ಸೈರನ್ ಆಗುತ್ತದೆ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ಇದನ್ನು ಪ್ರವಾಸದ ವಿಡಿಯೋಗಳಲ್ಲಿ ತಮಾಷೆಯ ಸಂಗತಿ ಅಂತ ತೋರಿಸುತ್ತಾರೆ. ಆದರೆ ಯೋಚನೆ ಮಾಡಿ, ಇಡೀ ಊರಿನಲ್ಲಿ ಸಮತಟ್ಟಾಗಿ, ಅಗಲವಾಗಿ, ಉದ್ದವಾಗಿ ಇರುವ ದೊಡ್ಡ ಜಾಗ ಅದೊಂದೇ. ಅದಕ್ಕೇ ಅಲ್ಲಿ ಆಡುತ್ತಾರೆ.

ಸರಿಯಾದ ಫುಟ್‌ಬಾಲ್ ಮೈದಾನವೂ ಒಂದಿದೆ, ತುವಾಲು ಸ್ಪೋರ್ಟ್ಸ್ ಗ್ರೌಂಡ್. ಹದಿನೈದು ನೂರು ಜನ ಸೇರಬಹುದು. ಅಡಿಯಲ್ಲಿರುವುದು ಮಣ್ಣಲ್ಲ, ಹವಳದ ಪುಡಿ ಮತ್ತು ಚೂರು. ಹುಲ್ಲು ಬೇರು ಬಿಡೋಕೆ ಒದ್ದಾಡುವ ನೆಲ. ಬಿದ್ದರೆ ಮೊಣಕಾಲು ತರಚುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ದೊಡ್ಡ ಉಬ್ಬರ ಬಂದಾಗ ಫುನಾಫುಟಿಯಲ್ಲಿ ಸಮುದ್ರದ ನೀರು ದಡ ದಾಟಿ ಮಾತ್ರ ಬರುವುದಲ್ಲ, ಹವಳದ ನೆಲದಲ್ಲಿರುವ ತೂತುಗಳಿಂದ ಕೆಳಗಿನಿಂದಲೇ ಉಕ್ಕಿ ಬರುತ್ತದೆ. ಉಪ್ಪುನೀರು ನಿಂತ ನೆಲದಲ್ಲಿ ಹುಲ್ಲು ಬೆಳೆಸುವುದು ಎಷ್ಟು ಕಷ್ಟ ಅಂತ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ದೇಶದ ಲೀಗ್ ಪೂರ್ತಿ ಈ ಮೈದಾನದಲ್ಲೇ. ಕ್ಲಬ್‌ಗಳು ದ್ವೀಪದ ಲೆಕ್ಕದಲ್ಲಿವೆ. ನಾಉಟಿ ಅಂದರೆ ಫುನಾಫುಟಿಯ ತಂಡ, ತೊಫಾಗಾ ಅಂದರೆ ವೈಟುಪು ದ್ವೀಪದ ತಂಡ, ಹೀಗೆ. ಹೊರಗಿನ ದ್ವೀಪಗಳಲ್ಲಿ ವಿಮಾನ ಇಳಿಯುವ ಜಾಗವೇ ಇಲ್ಲ, ಬರುವುದಾದರೆ ಹಡಗಿನಲ್ಲೇ ಬರಬೇಕು. ಆದ್ದರಿಂದ ವೈಟುಪುವಿನ ತಂಡ ಅಂದರೂ ಆಡುವವರಲ್ಲಿ ಬಹುಪಾಲು ಫುನಾಫುಟಿಗೆ ಬಂದು ನೆಲೆಸಿದ ವೈಟುಪುವಿನವರು. ಹೊರದ್ವೀಪದಲ್ಲಿ ಒಬ್ಬ ಒಳ್ಳೆ ಆಟಗಾರ ಇದ್ದರೂ ಅವನು ರಾಷ್ಟ್ರೀಯ ತಂಡದ ಕಣ್ಣಿಗೆ ಬೀಳಬೇಕಾದರೆ ಮೊದಲು ಸಮುದ್ರ ದಾಟಬೇಕು.

ಆಡಿದ್ದು ಏನು

ಸ್ವಾತಂತ್ರ್ಯ ಬಂದ ಮರುವರ್ಷವೇ, 1979ರಲ್ಲಿ, ತುವಾಲು ಸುವಾದಲ್ಲಿ ನಡೆದ ಸೌತ್ ಪೆಸಿಫಿಕ್ ಗೇಮ್ಸ್‌ಗೆ (ಈಗಿನ ಪೆಸಿಫಿಕ್ ಗೇಮ್ಸ್) ತಂಡ ಕಳಿಸಿತು. ಟಹೀಟಿ ಎದುರು 18–0ರಿಂದ ಸೋತಿತು. ಅದೇ ಕೂಟದಲ್ಲಿ ಟೊಂಗಾವನ್ನು 5–3ರಿಂದ ಸೋಲಿಸಿತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಈ ತಂಡದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಬರೆಯುತ್ತಾರೆ.

ಆಮೇಲೆ ಮುಖ್ಯವಾದ ವರ್ಷ 2007. ಹಿಂದಿನ ವರ್ಷವಷ್ಟೇ ತುವಾಲುವಿಗೆ ಪೆಸಿಫಿಕ್ ದೇಶಗಳ ಓಷಿಯಾನಿಯಾ ಫುಟ್‌ಬಾಲ್ ಒಕ್ಕೂಟದಲ್ಲಿ ಸಹಸದಸ್ಯತ್ವ ಸಿಕ್ಕಿತ್ತು. 2007ರಲ್ಲಿ ಆಪಿಯಾದಲ್ಲಿ ನಡೆದ ಗೇಮ್ಸ್‌ನ ಫುಟ್‌ಬಾಲ್ ಕೂಟವನ್ನೇ 2010ರ ವಿಶ್ವಕಪ್‌ನ ಅರ್ಹತಾ ಸುತ್ತು ಅಂತ ಪರಿಗಣಿಸಿದರು. ಗೇಮ್ಸ್‌ಗೆ ಬರುವ ಹಕ್ಕು ತುವಾಲುವಿಗೆ ಇದ್ದೇ ಇತ್ತು. ಹಾಗಾಗಿ ಫಿಫಾ ಸದಸ್ಯನಲ್ಲದೆ ವಿಶ್ವಕಪ್ ಅರ್ಹತಾ ಪಂದ್ಯ ಆಡಿದ ಮೊದಲ ದೇಶ ಅದಾಯಿತು. ಫಿಜಿ ಎದುರು 16–0 ಸೋಲು. ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿರಬಹುದು. ಮುಂದಿನ ಪಂದ್ಯದಲ್ಲಿ ನ್ಯೂ ಕ್ಯಾಲಿಡೋನಿಯಾ ಗೆದ್ದದ್ದು ಬರೀ 1–0ರಿಂದ. ಆಮೇಲೆ ಟಹೀಟಿ ಜೊತೆ 1–1 ಡ್ರಾ. ವಿಲಿಯಾಮು ಸೆಕಿಫು ಗೋಲು ಹೊಡೆದ. ಇದೇ ಟಹೀಟಿ ಐದು ವರ್ಷ ಆದ ಮೇಲೆ ಓಷಿಯಾನಿಯಾದ ಚಾಂಪಿಯನ್ ಆಯಿತು, 2013ರಲ್ಲಿ ಬ್ರೆಜಿಲ್‌ಗೆ ಹೋಗಿ ಮರಕಾನಾ ಮೈದಾನದಲ್ಲಿ ಸ್ಪೇನ್ ಎದುರು ಆಡಿತು. ಅಲ್ಲಿ ಹತ್ತು ಗೋಲಿನಿಂದ ಸೋತಿತು ನಿಜ, ಆದರೆ ಜನ ಎದ್ದುನಿಂತು ಅವರಿಗೆ ಚಪ್ಪಾಳೆ ಹೊಡೆದರು. ಕೆಲವೇ ದಿನಗಳಲ್ಲಿ ಹದಿನಾರು ಗೋಲಿನ ಸೋಲಿನಿಂದ ಟಹೀಟಿ ಜೊತೆ ಸಮಬಲದವರೆಗೆ ಒಂದು ತಂಡ ಬಂತು ಅಂದರೆ ಅಲ್ಲಿ ಕಲಿಯುವ ಶಕ್ತಿ ಇದೆ. ಒಳ್ಳೆ ಪಂದ್ಯಗಳು ಮೇಲಿಂದ ಮೇಲೆ ಸಿಕ್ಕಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ ಸುಮ್ನೆ ಕೇಳುತ್ತಿರುವುದಲ್ಲ.

ಮೇಲೆ ಹೇಳಿದ 2011ರ ಗೇಮ್ಸ್ ಕೂಡ ವಿಶ್ವಕಪ್ ಅರ್ಹತೆಯ ಲೆಕ್ಕಕ್ಕೆ ಬರಬೇಕಿತ್ತು. ಕೂಟ ಶುರುವಾಗುವ ಸ್ವಲ್ಪ ಮೊದಲು ವ್ಯವಸ್ಥೆ ಬದಲಾಯಿತು, ಅರ್ಹತಾ ಸುತ್ತು ಬೇರೆಯಾಯಿತು. 2007ರಲ್ಲಿ ತೆರೆದಿದ್ದ ಬಾಗಿಲು ಅಲ್ಲಿಗೆ ಮುಚ್ಚಿತು. ಆ ಸಲ ತುವಾಲುವಿನ ಕೋಚ್ ಯಾರು ಗೊತ್ತಾ? ಫೊಪ್ಪೆ ದೆ ಹಾನ್. ನೆದರ್ಲೆಂಡ್ಸ್‌ನ 21 ವರ್ಷದೊಳಗಿನವರ ತಂಡಕ್ಕೆ 2006 ಮತ್ತು 2007ರಲ್ಲಿ ಎರಡು ಸಲ ಯುರೋಪಿನ ಕಪ್ ಗೆದ್ದುಕೊಟ್ಟವರು. ತುವಾಲುವಿಗೆ ಸದಸ್ಯತ್ವ ಸಿಗಬೇಕು ಅಂತಲೇ ಕೆಲವು ಡಚ್ಚರು ಒಂದು ಸಂಸ್ಥೆ ಕಟ್ಟಿಕೊಂಡಿದ್ದರು, ಆ ದಾರಿಯಲ್ಲೇ ಅವರು ಬಂದದ್ದು. ಆ ಸಲ ತುವಾಲು ಅಮೆರಿಕನ್ ಸಮೋವಾವನ್ನು ಸೋಲಿಸಿದ್ದಲ್ಲದೆ ಪೆಸಿಫಿಕ್‌ನಲ್ಲಿ ಅಮೆರಿಕಕ್ಕೆ ಸೇರಿದ ದ್ವೀಪವಾದ ಗುವಾಮ್ ಜೊತೆ 1–1 ಡ್ರಾ ಮಾಡಿಕೊಂಡಿತು. ಮುಂದೆ ಅಲೊಪುವಾ ಪೆಟೊವಾ, ವೈಸುವಾ ಲಿವಾ ಅನ್ನುವ ಇಬ್ಬರು ಹುಡುಗರು ನೆದರ್ಲೆಂಡ್ಸ್‌ನ ಬ್ರಬಾಂಟಿಯಾ ಅನ್ನುವ ಅಮೆಚೂರ್ ಕ್ಲಬ್‌ಗೂ ಆಡಿದರು.

ಗುವಾಮ್ ಅಂದ ತಕ್ಷಣ ಬೆಂಗಳೂರಿನ ಫುಟ್‌ಬಾಲ್ ಪ್ರಿಯರಿಗೆ 2015 ನೆನಪಾಗಬೇಕು. ಆ ವರ್ಷ ಜೂನ್‌ನಲ್ಲಿ ಗುವಾಮ್ ತನ್ನ ನೆಲದಲ್ಲಿ ಭಾರತವನ್ನು 2–1ರಿಂದ ಸೋಲಿಸಿತು. ನವೆಂಬರಿನಲ್ಲಿ ಮರುಪಂದ್ಯ ನಡೆದದ್ದು ನಮ್ಮ ಕಂಠೀರವದಲ್ಲಿ, ರಾಬಿನ್ ಸಿಂಗ್ ಹೊಡೆದ ಒಂದೇ ಗೋಲಿನಿಂದ ಭಾರತ ಹೇಗೋ ಗೆದ್ದಿತು. ನಾಲ್ಕು ವರ್ಷ ಮೊದಲು ತುವಾಲು ಜೊತೆ ಸಮಬಲ ಮಾಡಿಕೊಂಡ ತಂಡ ಅದು. 2015ರ ಗುವಾಮ್ ತಂಡದಲ್ಲಿ ಬೇರೆ ಆಟಗಾರರಿದ್ದರು, ಅಮೆರಿಕದಲ್ಲಿ ಬೆಳೆದ, ಗುವಾಮ್ ಮೂಲದವರನ್ನು ಹುಡುಕಿ ಕರೆತಂದಿದ್ದರು, ಅದನ್ನೂ ಹೇಳಬೇಕು. ಆದರೆ ಹಾಗೆ ಹುಡುಕಿ ಕರೆತರುವುದಕ್ಕೂ ಕೋಚ್ ಇಡುವುದಕ್ಕೂ ಅಕಾಡೆಮಿ ನಡೆಸುವುದಕ್ಕೂ ಗುವಾಮ್‌ಗೆ ಆಸರೆ ಇತ್ತು. ಅದು 1996ರಿಂದ ಫಿಫಾ ಸದಸ್ಯ.

ಗಂಟು ಎಲ್ಲಿದೆ

ಫಿಫಾ ಸೇರಬೇಕಾದರೆ ಮೊದಲು ಖಂಡದ ಒಕ್ಕೂಟದಲ್ಲಿ ಗಟ್ಟಿಯಾಗಿ ಕಾಲೂರಬೇಕು, ಆಮೇಲೆ ಫಿಫಾ ಕಾಂಗ್ರೆಸ್‌ನಲ್ಲಿ ಸದಸ್ಯರು ಮತ ಹಾಕಬೇಕು. ತುವಾಲು ಓಷಿಯಾನಿಯಾದಲ್ಲಿ ಇನ್ನೂ ಸಹಸದಸ್ಯ, ಪೂರ್ಣ ಸದಸ್ಯ ಅಲ್ಲ. ಅದಕ್ಕೆ ಅಡ್ಡ ಬರುವುದು ಸೌಕರ್ಯದ ಮಾತು. ಅಂತರರಾಷ್ಟ್ರೀಯ ಪಂದ್ಯ ನಡೆಸುವಂಥ ಮೈದಾನ ಇಲ್ಲ, ಬರುವ ತಂಡಗಳಿಗೆ, ರೆಫ್ರಿಗಳಿಗೆ, ಅಧಿಕಾರಿಗಳಿಗೆ ಸಾಕಾಗುವಷ್ಟು ಹೋಟೆಲ್ ರೂಮ್ ಇಲ್ಲ, ವಿಮಾನ ಕಡಿಮೆ.

ಸರಿ, ಮೈದಾನ ಯಾಕಿಲ್ಲ? ದುಡ್ಡಿಲ್ಲ. ದುಡ್ಡು ಯಾರು ಕೊಡುತ್ತಾರೆ? ಇಂಥ ಬೇರೆ ದೇಶಗಳಲ್ಲಿ ಫಿಫಾ ಕೊಟ್ಟಿದೆ. 2023ರಿಂದ 2026ರವರೆಗಿನ ನಾಲ್ಕು ವರ್ಷಕ್ಕೆ ಪ್ರತಿ ಸದಸ್ಯ ಸಂಸ್ಥೆಗೂ 80 ಲಕ್ಷ ಡಾಲರ್‌ವರೆಗೆ ಅಭಿವೃದ್ಧಿ ಹಣ ಇಟ್ಟಿದೆ. ಬ್ರೆಜಿಲ್‌ಗೂ ಅಷ್ಟೇ, ಕುಕ್ ಐಲೆಂಡ್ಸ್‌ಗೂ ಅಷ್ಟೇ. ಹನ್ನೊಂದು ಸಾವಿರ ಜನರ ದೇಶಕ್ಕೆ ಅದು ಎಷ್ಟು ದೊಡ್ಡ ಮೊತ್ತ ಅಂತ ನೀವೇ ಲೆಕ್ಕ ಹಾಕಿ. ಆದರೆ ಅದು ಸಿಗುವುದು ಸದಸ್ಯನಾದ ಮೇಲೆ. ಸದಸ್ಯನಾಗಬೇಕಾದರೆ ಮೈದಾನ ತೋರಿಸಬೇಕು. ಈ ಸುತ್ತು ಎಲ್ಲಿಂದ ಹಿಡಿದರೂ ಬಿಚ್ಚುವುದಿಲ್ಲ ಅಲ್ವಾ? ಹದಿನೈದು ವರ್ಷಕ್ಕೂ ಜಾಸ್ತಿ ಕಾಲದಿಂದ ತುವಾಲು ಇದರಲ್ಲೇ ಸಿಕ್ಕಿಕೊಂಡಿದೆ.

ಅಮೆರಿಕನ್ ಸಮೋವಾದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅದು 1998ರಲ್ಲಿ ಸದಸ್ಯ ಆಯಿತು. ಮೂರೇ ವರ್ಷಕ್ಕೆ 31–0 ಸೋಲು. ಆಗ ಯಾರೂ ಅದನ್ನು ಹೊರಗೆ ಹಾಕಲಿಲ್ಲ, ಹಾಕಲೂಬಾರದಿತ್ತು. ಒಳಗಿದ್ದುಕೊಂಡೇ ಕಲಿಯಿತು, ಹತ್ತು ವರ್ಷದ ಮೇಲೆ ಗೆದ್ದಿತು. ತುವಾಲುವಿಗೆ ಅದೇ ಹತ್ತು ವರ್ಷ ಕೊಡಿ ಅನ್ನುವುದಷ್ಟೇ ಕೇಳಿಕೆ. ರ‍್ಯಾಂಕಿಂಗ್‌ನಲ್ಲಿ ಕಡೆಯ ಸ್ಥಾನದಲ್ಲಿದ್ದರೂ ಒಂದು ಸ್ಥಾನ ಇರುತ್ತದೆ, ಮುಂದಿನ ಪಂದ್ಯ ಯಾವಾಗ ಅಂತ ಗೊತ್ತಿರುತ್ತದೆ. ತುವಾಲುವಿನ ಹುಡುಗರಿಗೆ ಖಾತ್ರಿಯಾಗಿ ಸಿಗುವುದು ನಾಲ್ಕು ವರ್ಷಕ್ಕೊಮ್ಮೆ ಬರುವ ಪೆಸಿಫಿಕ್ ಗೇಮ್ಸ್ ಒಂದೇ. 2018ರಲ್ಲಿ ಲಂಡನ್‌ನಲ್ಲಿ ಕೊನಿಫಾದವರು ನಡೆಸಿದ ಕೂಟದಲ್ಲೂ ಆಡಿದರು. ಅದು ಫಿಫಾ ಹೊರಗಿರುವ ತಂಡಗಳ ಕೂಟ, ಜೊತೆಗೆ ಆಡಿದವರಲ್ಲಿ ಹೆಚ್ಚಿನವರು ಸ್ವಂತ ದೇಶವಿಲ್ಲದ ಸಮುದಾಯಗಳವರು. ಒಂದು ಸಾರ್ವಭೌಮ ದೇಶದ ತಂಡ ಅಲ್ಲಿಗೆ ಹೋಗಿ ಆಡಬೇಕಾಗಿ ಬಂತಲ್ಲ ಅಂತ ನನಗೆ ಬೇಜಾರಾಯಿತು. ಆ ಕೂಟದ ಬಗ್ಗೆ ಬೇಜಾರಿಲ್ಲ, ಕರೆದು ಆಡಿಸಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಬೇಕು.

ಮೈದಾನ ಇಲ್ಲದಿದ್ದರೂ ಆಗುತ್ತದೆ

ಸೌಕರ್ಯದ ವಾದ ಎಷ್ಟು ಗಟ್ಟಿ ಅಂತ ನೋಡೋಣ. ಜಿಬ್ರಾಲ್ಟರ್ 2016ರಲ್ಲಿ ಫಿಫಾ ಸೇರಿತು. ನೆಲ 7 ಚದರ ಕಿಲೋಮೀಟರಿಗೂ ಕಡಿಮೆ, ಅದೂ ಬ್ರಿಟನ್ನಿಗೆ ಸೇರಿದ ಪ್ರದೇಶ. ಯುರೋಪಿನ ಒಕ್ಕೂಟ ಸೇರಿದಾಗ ಅದರ ಮೈದಾನವೂ ನಿಯಮಕ್ಕೆ ಸಾಲುತ್ತಿರಲಿಲ್ಲ. ಏನು ಮಾಡಿದರು? ತವರಿನ ಪಂದ್ಯಗಳನ್ನು ಪೋರ್ಚುಗಲ್‌ನ ಫಾರೊ ಹತ್ತಿರದ ಸ್ಟೇಡಿಯಂನಲ್ಲಿ ಆಡಿದರು. ಅಷ್ಟೇ. ಜಿಬ್ರಾಲ್ಟರ್‌ಗೂ ದಾರಿ ಸುಲಭವಾಗಿರಲಿಲ್ಲ, ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಗಿ ಹೊಡೆದಾಡಿದ ಮೇಲೆ ಸಿಕ್ಕಿದ್ದು. ಅಂಥ ವಕೀಲರನ್ನು ಇಡೋಕೂ ದುಡ್ಡು ಬೇಕು ಅನ್ನುವುದು ಬೇರೆ ಮಾತು. ತುವಾಲುವಿಗೆ ಫಾರೊ ಇದ್ದ ಹಾಗೆ ಸುವಾ ಇದೆ. ವಿಮಾನ ನೇರ ಬರುತ್ತದೆ, ಸ್ಟೇಡಿಯಂ ಇದೆ, ಹೋಟೆಲ್ ಇದೆ, ಅಲ್ಲಿ ನೆಲೆಸಿದ ತುವಾಲು ಕುಟುಂಬಗಳೂ ಇವೆ.

ಇನ್ನೂ ಮುಖ್ಯವಾದ ವಿಷಯ ಒಂದಿದೆ. ಓಷಿಯಾನಿಯಾದಲ್ಲಿ ಸಣ್ಣ ದೇಶಗಳ ಅರ್ಹತಾ ಸುತ್ತು ಮನೆಯಲ್ಲೊಂದು ಹೊರಗೊಂದು ಅಂತ ನಡೆಯುವುದೇ ಇಲ್ಲ. ಎಲ್ಲರನ್ನೂ ಒಂದೇ ಊರಿಗೆ ಕರೆದು ಮುಗಿಸುತ್ತಾರೆ. 2011ರಲ್ಲಿ ಆಪಿಯಾ. 2024ರಲ್ಲೂ ಆಪಿಯಾ. 2022ರ ವಿಶ್ವಕಪ್‌ಗೆ ಕೋವಿಡ್ ಕಾರಣದಿಂದ ಇಡೀ ಓಷಿಯಾನಿಯಾದ ಅರ್ಹತಾ ಪಂದ್ಯಗಳು ಕತಾರ್‌ನಲ್ಲಿ ನಡೆದವು! ಹಾಗಿದ್ದ ಮೇಲೆ ಫುನಾಫುಟಿಯಲ್ಲಿ ಹೋಟೆಲ್ ರೂಮ್ ಎಷ್ಟಿವೆ ಅನ್ನುವುದು ಸದಸ್ಯತ್ವಕ್ಕೆ ಯಾಕೆ ಅಡ್ಡ ಬರಬೇಕು? ಅಲ್ಲಿ ಯಾರೂ ಬಂದು ಆಡಬೇಕಾಗಿಯೇ ಇಲ್ಲ.

ತುವಾಲುವಿಗೆ ಸದಸ್ಯತ್ವ ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ. ದೊಡ್ಡ ಮೊತ್ತ ಸಣ್ಣ ಸಂಸ್ಥೆಯ ಕೈಗೆ ಬಂದಾಗ ಲೆಕ್ಕ ಹಾಳಾದದ್ದು ಫುಟ್‌ಬಾಲ್‌ನಲ್ಲಿ ಎಷ್ಟೋ ಕಡೆ ಆಗಿದೆ, ಓಷಿಯಾನಿಯಾದಲ್ಲೇ ದೊಡ್ಡ ಹಗರಣಗಳಾಗಿವೆ. ವರ್ಷವಿಡೀ ಕಚೇರಿ ನಡೆಸುವವರು, ಹೆಣ್ಣುಮಕ್ಕಳ ತಂಡ, ಮಕ್ಕಳ ಲೀಗ್, ಕಲಿತ ಕೋಚ್‌ಗಳು ಬೇಕು. ಇವನ್ನು ಕೇಳುವುದು ತಪ್ಪಲ್ಲ. ಆದರೆ ಇವು ಒಳಗೆ ಸೇರಿಸಿಕೊಂಡು, ಪಕ್ಕದಲ್ಲಿ ನಿಂತು, ವರ್ಷ ವರ್ಷ ಕೇಳಬೇಕಾದ ವಿಷಯಗಳು. ಇನ್ನೊಂದು ಆಕ್ಷೇಪ ಮತದ್ದು. ಫಿಫಾದಲ್ಲಿ ಪ್ರತಿ ಸದಸ್ಯನಿಗೂ ಒಂದೊಂದು ಮತ, ಸಣ್ಣ ದೇಶಗಳು ಜಾಸ್ತಿಯಾದರೆ ತೂಕ ತಪ್ಪುತ್ತದೆ ಅನ್ನುವವರಿದ್ದಾರೆ. ಆ ವಾದವನ್ನು ಬೇಕಾದರೆ ಎಲ್ಲ ಸಣ್ಣ ಸದಸ್ಯರ ಮೇಲೂ ಹೂಡಲಿ, ಸರದಿಯಲ್ಲಿ ಕಡೆಗೆ ನಿಂತವನ ಮೇಲೆ ಮಾತ್ರ ಹೂಡುವುದು ಸರಿಯಲ್ಲ.

ಒಲಿಂಪಿಕ್ಸ್‌ನವರು ಬೇರೆ ಥರ ನಡೆದುಕೊಂಡರು. ತುವಾಲುವಿನ ಒಲಿಂಪಿಕ್ ಸಮಿತಿಗೆ 2007ರಲ್ಲಿ ಮಾನ್ಯತೆ ಕೊಟ್ಟರು, ಮರುವರ್ಷ ಬೀಜಿಂಗ್‌ಗೆ ಕರೆದರು. 2016ರ ರಿಯೊಗೆ ತುವಾಲುವಿನಿಂದ ಹೋದದ್ದು ಒಬ್ಬನೇ ಒಬ್ಬ, ಎಟಿಮೊನಿ ಟಿಮುವಾನಿ. ಧ್ವಜ ಹಿಡಿದವನೂ ಅವನೇ, 100 ಮೀಟರ್ ಓಡಿದವನೂ ಅವನೇ. 11.81 ಸೆಕೆಂಡು. ಮೊದಲ ಸುತ್ತಲ್ಲೇ ಹೊರಬಿದ್ದ. ಅವನು ಅಸಲಿಗೆ ಫುಟ್‌ಬಾಲ್ ಆಟಗಾರ, ತುವಾಲು ರಾಷ್ಟ್ರೀಯ ತಂಡದ ಡಿಫೆಂಡರ್. ಉಸೇನ್ ಬೋಲ್ಟ್ ಓಡಿದ ಟ್ರ್ಯಾಕಿನಲ್ಲಿ ಅವನಿಗೆ ಜಾಗ ಸಿಕ್ಕಿತು, ತನ್ನದೇ ಆಟದ ವಿಶ್ವಕಪ್ ಅರ್ಹತೆಯ ಮೊದಲ ಸುತ್ತಿನಲ್ಲಿ ಕುಕ್ ಐಲೆಂಡ್ಸ್ ಎದುರು ಆಡೋಕೆ ಜಾಗ ಇಲ್ಲ.

ಈಗ ಯಾಕೆ ಅವಸರ

ಎರಡು ಕಾರಣ. ಮೊದಲನೆಯದು, 2026ರಿಂದ ಓಷಿಯಾನಿಯಾಕ್ಕೆ ವಿಶ್ವಕಪ್‌ನಲ್ಲಿ ಒಂದು ನೇರ ಸ್ಥಾನ ಸಿಕ್ಕಿದೆ. 2025ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ಅದನ್ನು ಗೆದ್ದುಕೊಂಡಿತು. ತುವಾಲು ಅಲ್ಲಿಯವರೆಗೆ ಹೋಗುತ್ತದೆ ಅಂತಲ್ಲ. ಆದರೆ ಆ ಭಾಗದ ಸಣ್ಣ ತಂಡಗಳಿಗೆಲ್ಲ ಇನ್ನು ಮೇಲೆ ಜಾಸ್ತಿ ಪಂದ್ಯ, ಜಾಸ್ತಿ ಗಮನ, ಜಾಸ್ತಿ ದುಡ್ಡು. ಹೊರಗಿರುವವರಿಗೂ ಒಳಗಿರುವವರಿಗೂ ಇರುವ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತದೆ.

ಎರಡನೆಯದು ನೆಲದ್ದೇ ಮಾತು. ತುವಾಲುವಿನಲ್ಲಿ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ಇಲ್ಲ. ಫುನಾಫುಟಿಯಲ್ಲಿ ಲಗೂನ್ ಕಡೆ ಮರಳು ತುಂಬಿ 7 ಹೆಕ್ಟೇರಿಗೂ ಜಾಸ್ತಿ ಹೊಸ ನೆಲ ಮಾಡಿದ್ದಾರೆ. ಒಂದು ಫುಟ್‌ಬಾಲ್ ಮೈದಾನಕ್ಕೆ ಮುಕ್ಕಾಲು ಹೆಕ್ಟೇರ್ ಬೇಕು. ಜನರಿಗೆ ಉಬ್ಬರದಿಂದ ರಕ್ಷಣೆ, ಮನೆ, ನೀರು ಬೇಕಾಗಿರುವ ಹೊತ್ತಿನಲ್ಲಿ ಮೈದಾನಕ್ಕೆ ಜಾಗ ಕೇಳುವುದು ಸುಲಭವಲ್ಲ. 2024ರಲ್ಲಿ ಜಾರಿಗೆ ಬಂದ ಫಾಲೆಪಿಲಿ ಒಪ್ಪಂದದ ಪ್ರಕಾರ ಆಸ್ಟ್ರೇಲಿಯಾ ವರ್ಷಕ್ಕೆ 280 ತುವಾಲು ಜನರಿಗೆ ನೆಲೆಸಲು ವೀಸಾ ಕೊಡುತ್ತದೆ. 2025ರಲ್ಲಿ ಮೊದಲ ಸಲ ಅರ್ಜಿ ಕರೆದಾಗ ದೇಶದ ಬಹುಪಾಲು ಜನರ ಹೆಸರು ಅದರಲ್ಲಿತ್ತು. ಹೋಗುವವರಲ್ಲಿ ಆಡುವ ವಯಸ್ಸಿನ ಹುಡುಗರು ಇದ್ದೇ ಇರುತ್ತಾರೆ. ಅಲ್ಲಿ ಒಳ್ಳೆ ಮೈದಾನ, ಒಳ್ಳೆ ಕ್ಲಬ್ ಸಿಗುತ್ತದೆ, ಆಟ ಖಂಡಿತ ಬೆಳೆಯುತ್ತದೆ. ಬ್ರಿಸ್ಬೇನ್‌ನಲ್ಲಿ ಬೆಳೆದ ಹುಡುಗ ತುವಾಲು ಜೆರ್ಸಿ ಹಾಕಬೇಕಾದರೆ ಆ ಜೆರ್ಸಿಗೆ ಪಂದ್ಯಗಳಿರಬೇಕು. ಗುವಾಮ್ ಹೊರಗಿದ್ದ ತನ್ನವರನ್ನು ಕರೆದು ತಂಡ ಕಟ್ಟಿತಲ್ಲ, ತುವಾಲುವಿಗೂ ಇನ್ನು ಹತ್ತು ವರ್ಷದಲ್ಲಿ ಅದು ಸಾಧ್ಯ, ಆದರೆ ಕರೆಯೋಕೆ ಒಂದು ನೆಪ ಬೇಕು.

ಹಾಗಾಗಿ ಮಾಡಬಹುದಾದದ್ದು ಇದು. ಓಷಿಯಾನಿಯಾ ಒಕ್ಕೂಟ ತುವಾಲುವನ್ನು ಪೂರ್ಣ ಸದಸ್ಯ ಮಾಡಲಿ, ತವರಿನ ಮೈದಾನ ಅಂತ ಸುವಾವನ್ನು ಒಪ್ಪಲಿ. ಫಿಫಾ ಸದಸ್ಯತ್ವ ಕೊಟ್ಟು ಮೊದಲ ಕೆಲವು ವರ್ಷ ಹಣವನ್ನು ನೇರ ಕೈಗೆ ಕೊಡದೆ ಕೆಲಸಕ್ಕೆ ತಕ್ಕಂತೆ ಬಿಡುಗಡೆ ಮಾಡಲಿ, ಪೈಸೆ ಪೈಸೆಗೂ ಲೆಕ್ಕ ಕೇಳಲಿ. ಮೊದಲ ಖರ್ಚು ಸ್ಟೇಡಿಯಂಗೆ ಬೇಡ, ಹೊರದ್ವೀಪಗಳ ಹುಡುಗ ಹುಡುಗಿಯರು ಹಡಗಿನಲ್ಲಿ ಬಂದು ಫುನಾಫುಟಿಯಲ್ಲಿ ಉಳಿದು ಆಡುವುದಕ್ಕೆ ಆಗಲಿ. 2030ರ ವಿಶ್ವಕಪ್‌ಗೆ ಓಷಿಯಾನಿಯಾದ ಮೊದಲ ಸುತ್ತಿನ ಚೀಟಿ ಎತ್ತುವಾಗ ಆ ಡಬ್ಬಿಯಲ್ಲಿ ತುವಾಲು ಹೆಸರಿನ ಚೀಟಿಯೂ ಇರಲಿ.